ಎಡಚಿಯ ಸೆಟ್ಟಿಂಗ್

ಅವಳಿಗೆ ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಶಾಲೆಯ ಹಾಜರಿಯಲ್ಲಿ, ಮದುವೆಯ ಕಾಗದದಲ್ಲಿ, ಪಾರ್ಸೆಲ್ ಕಂಪನಿಯ ಗುರುತಿನ ಚೀಟಿಯಲ್ಲಿ ಆ ಹೆಸರೇ ಇತ್ತು. ಆದರೆ ಅಪ್ಪ ಎಡಚಿ ಅಂದ, ಅಣ್ಣ ಎಡಚಿ ಅಂದ, ಬಸ್ ನಿಲ್ದಾಣದ ಹಿಂದಿನ ವಿಡಿಯೋ ಗೇಮ್ ಅಂಗಡಿಗೆ ಬರುತ್ತಿದ್ದವರೆಲ್ಲ ಎಡಚಿ ಅಂದರು. ಹೆಸರು ಅಂಟಿಕೊಂಡಿತು. ಅಪ್ಪ ಕರೆದಾಗ ಅದರಲ್ಲಿ ಮುದ್ದು ಇರುತ್ತಿತ್ತು. ಅಮ್ಮ ಕರೆದರೆ ಅದೇ ಬೈಗುಳ.

ಅಪ್ಪ ಆ ಅಂಗಡಿಯಲ್ಲಿ ಟೋಕನ್ ಕೊಡುವ ಕೆಲಸಕ್ಕಿದ್ದ. ಉದ್ದನೆಯ ಕತ್ತಲೆ ಕೋಣೆ, ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ ಬೀರುವಿನಂಥ ಯಂತ್ರಗಳು, ಒಂದೊಂದರ ಎದೆಯಲ್ಲೂ ಮಿನುಗುವ ಪರದೆ. ಪರದೆಯ ಕೆಳಗಿನ ಹಲಗೆಯಲ್ಲಿ ಎಡಕ್ಕೆ ಒಂದು ಜಾಯ್‌ಸ್ಟಿಕ್, ಬಲಕ್ಕೆ ಗುಂಡಿಗಳು. ಅಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡಲು ಹೋಗುತ್ತಿದ್ದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ಅಣ್ಣ ತಂಗಿ ಇಬ್ಬರೂ ನೇರ ಅಪ್ಪನ ಹತ್ತಿರ ಬರುತ್ತಿದ್ದರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಪ್ಪ ಅವರಿಗೂ ಒಂದೊಂದು ಟೋಕನ್ ದಾಟಿಸುತ್ತಿದ್ದ.

ಮನೆಯಲ್ಲಿ ಅವಳು ಎಡಗೈಯಲ್ಲಿ ಚಮಚ ಹಿಡಿದರೆ ಅಮ್ಮನ ಏಟು ಬೀಳುತ್ತಿತ್ತು. ಎಡಗೈಯಲ್ಲಿ ಪೆನ್ಸಿಲ್ ಹಿಡಿದರೆ ಶಾಲೆಯ ಮೇಡಂ ಸ್ಕೇಲಿನ ಅಂಚು ತೋರಿಸುತ್ತಿದ್ದರು. ಕತ್ತರಿ ಅವಳ ಕೈಗೆ ಒಗ್ಗುತ್ತಿರಲಿಲ್ಲ, ಬೆಂಚಿನ ಮೇಲೆ ಪಕ್ಕದವಳ ಮೊಣಕೈ ತಾಗುತ್ತಿತ್ತು. ಆ ಯಂತ್ರದ ಮುಂದೆ ನಿಂತಾಗ ಮಾತ್ರ ಲೋಕವನ್ನು ಎಡಚರಿಗಾಗಿಯೇ ಮಾಡಿದಂತಿತ್ತು. ವಿಮಾನ ಓಡಿಸುವ ಯಜಮಾನಿಕೆ ಎಡಗೈಯದು. ಬಲಗೈಗೆ ಬರೀ ಗುಂಡಿ ಒತ್ತುವ ಕೂಲಿ.

ಅಲ್ಲಿ ಹಳದಿ ವಿಮಾನದ ಆಟ ಒಂದಿತ್ತು. ಮೇಲಿಂದ ಸುರಿಯುವ ಗುಂಡುಗಳ ನಡುವೆ ವಿಮಾನವನ್ನು ಕೂದಲೆಳೆಯಷ್ಟು ಸಂದಿಯಲ್ಲಿ ನುಸುಳಿಸಬೇಕು. ದೊಡ್ಡ ದೊಡ್ಡ ಗಂಡಸರು ಬೆವರು ಒರೆಸಿಕೊಂಡು ಬಿಟ್ಟುಹೋದ ಕಡೆಗಳಲ್ಲಿ ಈ ಹುಡುಗಿ ಸ್ಟೂಲಿನ ಮೇಲೆ ನಿಂತು, ನಾಲಿಗೆ ತುದಿ ಹೊರಗೆ ಹಾಕಿಕೊಂಡು, ನೀರು ಕುಡಿದಷ್ಟು ಸುಲಭವಾಗಿ ದಾಟಿಸುತ್ತಿದ್ದಳು. ಜನ ಸುತ್ತ ಸೇರುತ್ತಿದ್ದರು. ಅಪ್ಪ ಕಿಟಕಿಯಿಂದ ಕತ್ತು ಹೊರಗೆ ಚಾಚಿ, "ನನ್ನ ಮಗಳ ಕೈ ನೋಡ್ರೀ, ಕೈ!" ಅನ್ನುತ್ತಿದ್ದ. ಅಣ್ಣ ಅವಳಿಗಿಂತ ಮೂರು ವರ್ಷ ದೊಡ್ಡವನು. ಅವನೂ ಚೆನ್ನಾಗಿಯೇ ಆಡುತ್ತಿದ್ದ. ಅವನ ಕೈ ನೋಡಿ ಎಂದು ಯಾರೂ ಯಾರಿಗೂ ಹೇಳಲಿಲ್ಲ.

ಕಾಲ ನಿಲ್ಲುತ್ತದೆಯೇ? ಜನ ಮನೆಯಲ್ಲೇ, ಆಮೇಲೆ ಅಂಗೈಯಲ್ಲೇ ಆಡತೊಡಗಿದರು. ಅಂಗಡಿ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು. ಸ್ವಲ್ಪ ದಿನಕ್ಕೆ ಅಪ್ಪನೂ ಹೋದ. ಅಣ್ಣ ಕಂಪ್ಯೂಟರ್ ರಿಪೇರಿ ಕಲಿತು ಸ್ವಂತ ಅಂಗಡಿ ಹಾಕಿದ. ಎಡಚಿ ಶಾಲಾ ವ್ಯಾನ್ ಓಡಿಸುವವನನ್ನು ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು. ಪಾರ್ಸೆಲ್ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಬೆಲ್ಟಿನ ಮೇಲೆ ಬರುವ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿ ಬಡಾವಣೆವಾರು ಟ್ರಾಲಿಗೆ ಹಾಕುವುದು. ಅಲ್ಲೂ ಅವಳ ಕೈ ಹೆಸರು ಮಾಡಿತು. ಚೀಟಿಯ ಮೇಲೆ ಕಣ್ಣಾಡುವಷ್ಟರಲ್ಲಿ ಪೊಟ್ಟಣ ಸರಿಯಾದ ಟ್ರಾಲಿಯಲ್ಲಿ ಬಿದ್ದಿರುತ್ತಿತ್ತು. ಪಕ್ಕದವರು, "ಏನಕ್ಕಾ, ನಿನ್ನ ಮಂಡೆಯೊಳಗೇ ಕಂಪ್ಯೂಟರ್ ಇಟ್ಟಿದ್ದಾರಾ?" ಅಂತ ತಮಾಷೆ ಮಾಡುತ್ತಿದ್ದರು.

ಒಂದು ದಿನ ಲಾರಿ ನಿಲ್ಲುವ ಕಟ್ಟೆಯ ಹತ್ತಿರ ಒದ್ದೆ ನೆಲದಲ್ಲಿ ಜಾರಿ ಬಿದ್ದಳು. ಬೀಳುವಾಗ ನೆಲಕ್ಕೆ ಊರಿದ್ದು ಎಡಗೈ. ಮಣಿಕಟ್ಟು ಮುರಿಯಿತು. ಒಳಗೆ ತಗಡು ಕೂರಿಸಿ ಮೊಳೆ ಹೊಡೆದರು. ಬೆರಳುಗಳು ಮೊದಲಿನಂತೆ ಆಡಿದವು, ಆದರೆ ಮಣಿಕಟ್ಟು ಮತ್ತೆ ತಿರುಗಲಿಲ್ಲ. ಮರದ ಕೈಗೆ ಜೀವ ಇರುವ ಬೆರಳು ಅಂಟಿಸಿದಂತೆ ಆಯಿತು. ಕಂಪನಿಯವರು ಅವಳನ್ನು ಬೆಲ್ಟಿನಿಂದ ತೆಗೆದು, ವಾಪಸ್ ಬಂದ ಪಾರ್ಸೆಲ್‌ಗಳನ್ನು ಟ್ರಾಲಿಗಳಿಗೆ ವಿಂಗಡಿಸುವ ಮೇಜಿಗೆ ಹಾಕಿದರು.

ಇಷ್ಟೆಲ್ಲ ಆದ ಮೇಲೆ, ನಲವತ್ತು ದಾಟಿದ ಎಡಚಿಗೆ ಒಂದು ದಿನ ಅಣ್ಣ ಫೋನ್ ಮಾಡಿದ. "ಹಳೇ ಆಟಗಳದ್ದು ಒಂದು ರೂಮ್ ಮಾಡ್ತಾ ಇದೀನಿ ಕಣೇ. ನಮ್ಮ ವಯಸ್ಸಿನವರೆಲ್ಲ ಈಗ ಅದನ್ನೇ ಹುಡುಕ್ಕೊಂಡು ಬರ್ತಾರೆ. ನೀನು ಬಂದು ಗುಂಡಿ ಸೆಟ್ ಮಾಡಿಕೊಡು. ಯಾವ ಆಟಕ್ಕೆ ಯಾವ ಗುಂಡಿ ಎಲ್ಲಿತ್ತು ಅನ್ನೋದು ನನಗಿಂತ ನಿನಗೆ ಚೆನ್ನಾಗಿ ಗೊತ್ತು."

ಅಣ್ಣನ ಮನೆ ಮಹಡಿಯ ಮೇಲೆ, ಅಂಗಡಿ ಕೆಳಗೆ. ಅಮ್ಮ ಅವನ ಜೊತೆಗಿದ್ದಳು. ಅಮ್ಮನಿಗೆ ಮರೆವಿನ ಕಾಯಿಲೆ ಹಿಡಿದು ನಾಲ್ಕೈದು ವರ್ಷ ಆಗಿತ್ತು. ಮೊದಲು ಒಲೆ ಆರಿಸುವುದು ಮರೆಯಿತು, ಆಮೇಲೆ ಮನೆಯ ದಾರಿ ಮರೆಯಿತು, ಆಮೇಲೆ ಮಕ್ಕಳ ಮುಖ. ಎಡಚಿ ಪ್ರತಿ ಭಾನುವಾರ ಬಸ್ ಹತ್ತಿ ಅಮ್ಮನನ್ನು ನೋಡಲು ಬರುತ್ತಿದ್ದಳು. ಈಗ ಕೆಳಗೂ ಒಂದು ಕೆಲಸ ಆಯಿತು.

ಅಣ್ಣ ಹಳೆಯ ಕಾಲದ ಯಂತ್ರಗಳ ಹಾಗೇ ಬಡಗಿಯ ಕೈಯಲ್ಲಿ ಮರದ ಗೂಡುಗಳನ್ನು ಮಾಡಿಸಿದ್ದ. ಒಳಗಿದ್ದದ್ದು ಮಾಮೂಲಿ ಕಂಪ್ಯೂಟರ್. "ಎಮ್ಯುಲೇಟರ್ ಅಂತಾರೆ. ಹಳೇ ಮಶೀನಿನ ವೇಷ ಹಾಕೋ ಸಾಫ್ಟ್‌ವೇರು," ಎಂದು ವಿವರಿಸಿದ. ಕೀಬೋರ್ಡಿನ ಒಂದು ಕೀಲಿ ಒತ್ತಿದರೆ ಪರದೆಯ ಮೇಲೆ ಪಟ್ಟಿ ತೆರೆಯುತ್ತಿತ್ತು. ಮೇಲೆ, ಕೆಳಗೆ, ಎಡ, ಬಲ, ಗುಂಡು, ಬಾಂಬು. ಯಾವುದು ಬೇಕೋ ಅದರ ಮೇಲೆ ನಿಂತು, ಯಾವ ಗುಂಡಿ ಬೇಕೋ ಅದನ್ನು ಒತ್ತಿದರೆ ಸಾಕು, ಅಲ್ಲಿಂದ ಆ ಕೆಲಸ ಆ ಗುಂಡಿಯದು. ಎಲ್ಲ ಆಟಗಳಿಗೂ ಒಂದೇ ಏರ್ಪಾಡು ಬೇಕೋ, ಈ ಆಟಕ್ಕೆ ಮಾತ್ರ ಬೇಕೋ ಅಂತಲೂ ಆರಿಸಬಹುದಿತ್ತು. "ಮುಗಿದ ಮೇಲೆ ಆಟದಿಂದ ಸರಿಯಾಗಿ ಹೊರಗೆ ಬರಬೇಕು. ಹೊರಗೆ ಬರುವಾಗಲೇ ಅದು ಸೇವ್ ಆಗೋದು. ಹಾಗೇ ಸ್ವಿಚ್ ಆರಿಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಯ್ತು ಅಂದ್ಕೋ."

ಅವಳು ಎರಡು ಭಾನುವಾರ ಕೂತು ಎಲ್ಲವನ್ನೂ ಸೆಟ್ ಮಾಡಿಕೊಟ್ಟಳು. ಕೊನೆಗೆ ಹಳದಿ ವಿಮಾನದ ಆಟ ಹಾಕಿ ತಾನೇ ಸ್ಟಿಕ್ ಹಿಡಿದಳು. ಎಡಗೈ ಮುಂದೆ ಹೋಯಿತು, ಹಿಂದೆ ಬಂತು, ಪಕ್ಕಕ್ಕೆ ತಿರುಗಲಿಲ್ಲ. ವಿಮಾನ ಮೊದಲ ಗುಂಡು ತಗುಲಿಯೇ ಉರಿದು ಬಿತ್ತು. ಇನ್ನೊಮ್ಮೆ ಆಡಿದಳು. ಇನ್ನೊಮ್ಮೆ ಬಿತ್ತು.

"ಬಿಡೇ," ಅಂದ ಅಣ್ಣ, "ವಯಸ್ಸಾಯ್ತು ನಮಗೆ." ಆ ಮಾತಿನಲ್ಲಿ ಸಮಾಧಾನವಿತ್ತು. ಅದು ಅವಳಿಗೆ ಮಾಡಿದ ಸಮಾಧಾನವೋ ತನಗೇ ಆದ ಸಮಾಧಾನವೋ ಅಂತ ಅವಳು ಆಗ ಯೋಚಿಸಲಿಲ್ಲ.

ದಾರಿ ಹೊಳೆದದ್ದು ಮುಂದಿನ ವಾರ, ಗೋದಾಮಿನಲ್ಲಿ ಊಟದ ಡಬ್ಬಿ ತೆಗೆಯುವಾಗ. ಅಣ್ಣನ ಅಂಗಡಿಯ ಮೂಲೆಯ ಯಂತ್ರದಲ್ಲಿ ಇಬ್ಬರು ಆಡುವ ಹಲಗೆ ಇತ್ತು. ಎಡಗಡೆಯವನಿಗೆ ಒಂದು ಸ್ಟಿಕ್ಕು, ಅದರ ಪಕ್ಕ ಗುಂಡಿಗಳು. ಆಮೇಲೆ ಬಲಗಡೆಯವನ ಸ್ಟಿಕ್ಕು, ಅದರ ಪಕ್ಕ ಗುಂಡಿಗಳು. ಮೊದಲನೆಯವನ ಗುಂಡಿಗಳನ್ನು ಎಡಗೈಗೆ ಬಿಟ್ಟು, ಎರಡನೆಯವನ ಸ್ಟಿಕ್ಕನ್ನು ಬಲಗೈಗೆ ತೆಗೆದುಕೊಂಡರೆ? ಬೆರಳು ಒತ್ತಲು ಮಣಿಕಟ್ಟು ತಿರುಗಬೇಕಾಗಿಲ್ಲವಲ್ಲ!

ಭಾನುವಾರ ಹೋಗಿ, ಆ ಆಟಕ್ಕೆ ಮಾತ್ರ, ಹಾಗೇ ಸೆಟ್ ಮಾಡಿದಳು. ಜೀವಮಾನವಿಡೀ ಗುಂಡಿ ಒತ್ತುವ ಕೂಲಿ ಮಾಡಿದ್ದ ಬಲಗೈಗೆ ವಿಮಾನ ಓಡಿಸುವುದು ಬರಲಿಲ್ಲ. ಮಗು ಹೆಜ್ಜೆ ಹಾಕಿದಂತೆ ತಟಪಟ ಅಂದಿತು. ಆದರೂ ಮಧ್ಯಾಹ್ನದ ಹೊತ್ತಿಗೆ ಎರಡನೇ ಘಟ್ಟ ದಾಟಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಎದುರಿನ ಸೀಟಿನ ಕಂಬಿಯ ಮೇಲೆ ಅವಳ ಬಲಗೈ ತನ್ನಷ್ಟಕ್ಕೆ ಅತ್ತಿತ್ತ ಆಡುತ್ತಿತ್ತು. ಗಂಡನಿಗೆ ಹೇಳಿದಾಗ ಅವನು, "ಸರಿ, ಇನ್ನು ಅಡುಗೆನೂ ಬಲಗೈಲೇ ಮಾಡು," ಎಂದು ನಕ್ಕ. ಅವಳೂ ನಕ್ಕಳು. ಕೈ ಮುರಿದ ಮೇಲೆ ಅಷ್ಟು ಹಗುರಾಗಿ ನಕ್ಕದ್ದು ಅದೇ ಮೊದಲು.

ಮುಂದಿನ ಭಾನುವಾರ ಆಟ ಹಾಕಿ ಬಲಗೈಯಲ್ಲಿ ಸ್ಟಿಕ್ ತಳ್ಳಿದಳು. ವಿಮಾನ ಅಲ್ಲಾಡಲಿಲ್ಲ. ಪಟ್ಟಿ ತೆರೆದು ನೋಡಿದರೆ ಎಲ್ಲ ಮೊದಲಿನಂತೆಯೇ ಇತ್ತು.

"ಅಣ್ಣ, ನನ್ನ ಸೆಟ್ಟಿಂಗ್ ಹೋಗಿದೆ."

"ಸರಿಯಾಗಿ ಹೊರಗೆ ಬಂದಿರಲ್ಲ ನೀನು. ಹಾಗೇ ಸ್ವಿಚ್ ಆರಿಸಿ ಮೇಲೆ ಹೋಗಿರ್ತೀಯ."

ಇರಬಹುದು ಅನ್ನಿಸಿತು. ಅಮ್ಮನ ಊಟದ ಹೊತ್ತಾಯಿತೆಂದು ಅವಸರದಲ್ಲಿ ಎದ್ದಿದ್ದಳಲ್ಲ. ಮತ್ತೆ ಸೆಟ್ ಮಾಡಿದಳು, ಆಡಿದಳು, ಈ ಸಲ ನಿಧಾನವಾಗಿ ಹೊರಗೆ ಬಂದಳು, ಆಟಗಳ ಪಟ್ಟಿ ಪರದೆಯ ಮೇಲೆ ಬರುವ ತನಕ ಕಾದಳು. ಮುಂದಿನ ವಾರ ಮತ್ತೆ ಮಾಯ.

"ನಾನು ಸರಿಯಾಗಿಯೇ ಹೊರಗೆ ಬಂದೆ ಅಣ್ಣ. ನನಗೆ ಚೆನ್ನಾಗಿ ನೆನಪಿದೆ."

ಅಣ್ಣ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳ ಮುಖವನ್ನೇ ನೋಡಿದ. ದನಿ ತಗ್ಗಿಸಿ, "ಅಮ್ಮನೂ ಮೊದಮೊದಲು ಹೀಗೇ ಅಂತಿದ್ದಳು ಕಣೇ. ನನಗೆ ಚೆನ್ನಾಗಿ ನೆನಪಿದೆ, ಒಲೆ ಆರಿಸಿದೀನಿ ಅಂತ," ಅಂದ.

ತಲೆಗೆ ಹುಳ ಬಿಡುವುದು ಅಂದರೆ ಅದು. ಅವಳು ಪಟ್ಟಿ ತೆರೆದು ಮತ್ತೆ ಮೊದಲಿಂದ ಶುರು ಮಾಡಿದಳು. ಪ್ರತಿ ಗುಂಡಿ ಒತ್ತುವಾಗಲೂ ಬಾಯಲ್ಲಿ ಹೇಳಿಕೊಂಡಳು. ಹೊರಗೆ ಬರುವಾಗ, "ಈಗ ಹೊರಗೆ ಬಂದೆ," ಎಂದು ಗಟ್ಟಿಯಾಗಿ ಅಂದಳು. ಅಣ್ಣ ಗಿರಾಕಿಯೊಬ್ಬನ ಕಡೆ ನೋಡಿ ಮುಗುಳ್ನಕ್ಕ. ಮುಂದಿನ ವಾರ ಬಂದರೆ ಅದೇ ಕತೆ. ಆಮೇಲಿನ ವಾರವೂ ಅದೇ.

ಹೊಸದಾಗಿ ಸೆಟ್ ಮಾಡುವುದೇನೂ ಹೊತ್ತು ಹಿಡಿಯುವ ಕೆಲಸವಲ್ಲ. ಅದೊಂದೇ ಆಗಿದ್ದರೆ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಆದರೆ ಆ ಹುಳ ಅಂಗಡಿಯಲ್ಲೇ ಉಳಿಯಲಿಲ್ಲ, ಅವಳ ಜೊತೆ ಬಸ್ ಹತ್ತಿ ಮನೆಗೆ ಬಂತು. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಮೇಲೆ ಹತ್ತಿ ಬೀಗ ಎಳೆದು ನೋಡುತ್ತಿದ್ದಳು. ಗ್ಯಾಸ್ ಆರಿಸಿ, ಒಲೆಯ ನಾಬಿನ ಮೇಲೆ ಬೆರಳಿಟ್ಟುಕೊಂಡೇ, ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಗಂಡ ಏನಾದರೂ ಕೇಳಿದರೆ ಉತ್ತರಕ್ಕೆ ಮೊದಲು ಉಗುಳು ನುಂಗುತ್ತಿದ್ದಳು.

"ಏನಾಗಿದೆಯೇ ನಿನಗೆ?" ಅಂದ ಒಂದು ದಿನ, ಮೂರನೇ ಸಲ ಅವಳು ಅಡುಗೆಮನೆಗೆ ಎದ್ದು ಹೋದಾಗ.

"ಏನಿಲ್ಲ ರೀ. ಗ್ಯಾಸ್ ನೋಡಿ ಬಂದೆ."

"ಈಗ ತಾನೇ ನೋಡಿದೆಯಲ್ಲ."

"ನೋಡಿದ್ನಾ?" ಅಂದಳು. ಆ ಪ್ರಶ್ನೆ ಕೇಳಿದ ತನ್ನ ದನಿ ಅಮ್ಮನ ದನಿಯಂತೆಯೇ ಇದೆ ಅನ್ನಿಸಿತು.

ಗೋದಾಮಿನಲ್ಲಿ ಕೈ ನಿಧಾನವಾಯಿತು. ಚೀಟಿ ನೋಡಿದೊಡನೆ ಟ್ರಾಲಿ ಹೊಳೆಯುತ್ತಿತ್ತು, ಆದರೆ ಹೊಳೆದದ್ದನ್ನು ನಂಬಲು ಧೈರ್ಯವಿರಲಿಲ್ಲ. ಎರಡು ಸಲ ಓದಿ, ಗೋಡೆಯ ಪಟ್ಟಿ ನೋಡಿ, ಮತ್ತೆ ಚೀಟಿ ನೋಡಿ ಹಾಕುತ್ತಿದ್ದಳು. ಹಾಗೆ ತಡಮಾಡುವಾಗಲೇ ಒಂದೆರಡು ತಪ್ಪೂ ಆದವು. ಅವು ತಪ್ಪಾದದ್ದು ಅತಿಯಾಗಿ ನೋಡಿದ್ದಕ್ಕೆ ಎಂದು ಅವಳಿಗೆ ಹೊಳೆಯಲಿಲ್ಲ. ಆಯಿತು, ಶುರುವಾಯಿತು ಅಂದುಕೊಂಡಳು.

ಇಂಥ ಹೊತ್ತಿನಲ್ಲೇ ಮ್ಯಾನೇಜರ್ ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆದರು. "ಬನ್ನಿ, ಕೂತ್ಕೊಳ್ಳಿ. ಶಿಫ್ಟ್ ಇನ್‌ಚಾರ್ಜ್ ಜಾಗ ಖಾಲಿ ಆಗ್ತಾ ಇದೆ. ನಿಮ್ಮ ಹೆಸರು ಕಳಿಸೋಣ ಅಂತಿದೀನಿ. ಕೂತು ಮಾಡೋ ಕೆಲಸ, ನಿಮ್ಮ ಕೈಗೂ ಆರಾಮ."

ಆ ಕುರ್ಚಿಯ ಆಸೆ ಅವಳಿಗೆ ಇಲ್ಲದೇ ಇರಲಿಲ್ಲ. ಎಷ್ಟೋ ವರ್ಷ ಬೆಲ್ಟಿನ ಸದ್ದಿನ ನಡುವೆ ನಿಂತು ಆ ಗಾಜಿನ ಕೋಣೆಯ ಪಕ್ಕದ ಮೇಜನ್ನು ನೋಡಿದ್ದಳು. ಅಲ್ಲಿ ಕೂತರೆ ಇಡೀ ಶಿಫ್ಟಿನ ಲಾರಿಗಳು, ಜನ, ಹೊರೆ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಅದೇ ಅವಳಿಗೆ ಭಯವಾಯಿತು.

"ಬೇಡ ಸರ್."

"ಯಾಕ್ರೀ? ನಿಮ್ಮನ್ನ ಬಿಟ್ರೆ ಯಾರಿಗೆ ಕೊಡ್ಲಿ?"

"ನನಗೆ ಈಚೆಗೆ ಮರೆವು ಜಾಸ್ತಿ ಆಗಿದೆ ಸರ್. ನಮ್ಮಮ್ಮನಿಗೂ ಇದೆ. ನಾಳೆ ಏನಾದ್ರೂ ಎಡವಟ್ಟಾದ್ರೆ ನಿಮಗೂ ಕೆಟ್ಟ ಹೆಸರು."

ಮ್ಯಾನೇಜರ್ ಪೆನ್ನು ಮುಚ್ಚಿಟ್ಟರು. ಅವರ ಮುಖದಲ್ಲಿ ಮರುಕ ಕಂಡಿತು. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ಮೇಲಾಗಿತ್ತು. ಆ ಜಾಗ ಅವಳು ಕೆಲಸ ಕಲಿಸಿದ ಒಬ್ಬಳಿಗೆ ಹೋಯಿತು. ಒಳ್ಳೆಯ ಹುಡುಗಿಯೇ. ಮೊದಲ ದಿನ ಬಂದು, "ಅಕ್ಕಾ, ನಿಮ್ಮ ಆಶೀರ್ವಾದ," ಅಂದಳು.

ಭಾನುವಾರಗಳು ಮಾತ್ರ ತಪ್ಪಲಿಲ್ಲ. ಈಗ ಅವಳು ಅಮ್ಮನ ಮುಂದೆ ಕೂತು ಆ ಮುಖವನ್ನು ಕನ್ನಡಿ ನೋಡುವಂತೆ ನೋಡುತ್ತಿದ್ದಳು. ಹೀಗೇ ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತೇನೆ, ಹೀಗೇ ಸೆರಗಿನ ತುದಿ ಸುತ್ತುತ್ತೇನೆ, ಹೀಗೇ ಬಂದವರನ್ನೆಲ್ಲ, "ಯಾರಮ್ಮ ನೀನು?" ಅನ್ನುತ್ತೇನೆ. ಒಂದು ಮಧ್ಯಾಹ್ನ ಇದೇ ಯೋಚನೆಯಲ್ಲಿ, ಬಲಗೈಯಲ್ಲಿ ಬಟ್ಟಲು ಹಿಡಿದವಳು ಎಡಗೈಯಲ್ಲಿ ಚಮಚ ಎತ್ತಿ ಅಮ್ಮನ ಬಾಯಿಯ ಹತ್ತಿರ ತಂದಳು. ಅಮ್ಮ ಫಟ್ಟೆಂದು ಆ ಕೈಗೆ ಹೊಡೆದಳು. ಏಟು ಮಣಿಕಟ್ಟಿನೊಳಗಿನ ತಗಡಿನ ಮೇಲೆಯೇ ಬಿತ್ತು. ಚಮಚ ಹಾರಿ ಗೋಡೆಗೆ ಬಡಿಯಿತು.

"ಎಡಗೈ! ಎಷ್ಟು ಸಲ ಹೇಳಬೇಕು ನಿನಗೆ!" ಎಂದಳು ಅಮ್ಮ, ಸ್ಪಷ್ಟವಾಗಿ, ಹಳೆಯ ದನಿಯಲ್ಲಿ. ಮರುಕ್ಷಣವೇ ಮುಖ ಖಾಲಿಯಾಯಿತು. ಗಂಡನ ಹೆಸರು, ಮಕ್ಕಳ ಹೆಸರು, ತನ್ನ ಹೆಸರು ಎಲ್ಲ ಬಿಟ್ಟುಹೋದ ತಲೆಯಲ್ಲಿ ಅದೊಂದು ಏಟು ಮಾತ್ರ ಭದ್ರವಾಗಿ ಉಳಿದಿತ್ತು. ಎಡಚಿ ನೋವಿಗೆ ಹಲ್ಲು ಕಚ್ಚಿಕೊಂಡು ನೆಲ ಒರೆಸಿದಳು.

ಅಡುಗೆಮನೆಯಿಂದ ಅತ್ತಿಗೆ ಬಟ್ಟೆ ಹಿಡಿದುಕೊಂಡು ಬಂದಳು. ಅತ್ತಿಗೆ ಹೆಚ್ಚು ಮಾತಿನವಳಲ್ಲ. ಅತ್ತೆಯ ಆರೈಕೆ, ಮನೆಗೆಲಸ, ಸಂಜೆ ಕೆಳಗೆ ಗಲ್ಲಾ. ಅವಳ ದಿನ ಅಷ್ಟರಲ್ಲೇ ತುಂಬಿಹೋಗುತ್ತಿತ್ತು. ಪಕ್ಕದಲ್ಲಿ ಕೂತು, ಊದಿಕೊಂಡ ಮಣಿಕಟ್ಟಿಗೆ ತಣ್ಣೀರು ಬಟ್ಟೆ ಸುತ್ತುತ್ತ, "ಇವತ್ತು ಆಟಕ್ಕೆ ಕೂರಬೇಡ ಬಿಡು. ಕೈಗೂ ನೋವು. ಹೇಗೂ ನೀನು ಹೋದ ಮೇಲೆ ನಿಮ್ಮಣ್ಣ ಎಲ್ಲ ಮೊದಲಿನ ಹಾಗೆ ಮಾಡಿಬಿಡ್ತಾರೆ," ಅಂದಳು.

"ಏನು ಮೊದಲಿನ ಹಾಗೆ?"

"ಅದೇ ನಿನ್ನ ಗುಂಡಿಗಳದ್ದು. ನೀನು ಬಸ್ಸಿಗೆ ಹೋದ ಕೂಡಲೇ ಕೂತು ತೆಗೆದುಹಾಕ್ತಾರಲ್ಲ. ವಾರ ವಾರ ಇವಳು ಮಾಡೋದು, ಅವರು ತೆಗೆಯೋದು, ಇದೆಂಥ ಆಟ ಅಣ್ಣ ತಂಗಿಯದ್ದು ಅಂತ ನಾನು ನಗ್ತಿರ್ತೀನಿ." ನಾದಿನಿಯ ಮುಖ ನೋಡಿ ಅವಳ ಮಾತು ಅಲ್ಲೇ ನಿಂತಿತು. "ಯಾಕೆ? ನಿನಗೆ ಗೊತ್ತಿರಲಿಲ್ವಾ?"

ಎಡಚಿ ಎದ್ದು ಮೆಟ್ಟಿಲಿಳಿದಳು. ಬಟ್ಟೆ ಅರ್ಧ ಬಿಚ್ಚಿಕೊಂಡು ಕೈಯಿಂದ ನೇತಾಡುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅಣ್ಣ ಒಂದು ಯಂತ್ರದ ಬೆನ್ನು ಬಿಚ್ಚಿ ತಂತಿಗೆ ಬೆಸುಗೆ ಹಾಕುತ್ತ ಕೂತಿದ್ದ.

"ನನ್ನ ಸೆಟ್ಟಿಂಗ್ ತೆಗೀತಿದ್ದದ್ದು ನೀನಾ?"

ಅಣ್ಣ ತಲೆ ಎತ್ತಲಿಲ್ಲ. ಬೆಸುಗೆಯ ಹೊಗೆ ಅವನ ಕನ್ನಡಕದ ಮುಂದೆ ಸುರುಳಿಯಾಗಿ ಏರಿತು. "ಯಾರು ಹೇಳಿದ್ರು?"

"ನೀನಾ ಅಂತ ಕೇಳಿದೆ."

"ಗಿರಾಕಿಗಳು ಆಡಬೇಕಲ್ಲಮ್ಮ. ನೀನು ಉಲ್ಟಾ ಮಾಡಿಟ್ಟು ಹೋಗ್ತೀಯ. ಅವರು ಎಡಗಡೆ ಸ್ಟಿಕ್ ಹಿಡಿದ್ರೆ ವಿಮಾನ ಅಲ್ಲಾಡಲ್ಲ."

"ಹಾಗಂತ ನನಗೆ ಹೇಳಬಹುದಿತ್ತಲ್ಲ. ಬೇಡ ಅಂದಿದ್ರೆ ನಾನು ಬಿಡ್ತಿದ್ದೆ. ಮರೆವು ಅಂತ ಯಾಕಂದೆ?"

"ಬೇಜಾರಾಗುತ್ತೆ ಅಂತ..."

"ಬೇಜಾರು ಆಗುತ್ತೆ ಅಂತ ಅಮ್ಮನ ಕಾಯಿಲೆ ನನಗೆ ಅಂಟಿಸಿದ್ಯಾ?" ಅವಳ ದನಿ ಏರಲಿಲ್ಲ. "ಗೋದಾಮಲ್ಲಿ ನನ್ನನ್ನ ಇನ್‌ಚಾರ್ಜ್ ಮಾಡ್ತೀನಿ ಅಂದ್ರು ಅಣ್ಣ. ನಾನೇ ಬೇಡ ಅಂದೆ. ನನಗೆ ಮರೆವು ಅಂತ ನನ್ನ ಬಾಯಾರೆ ಹೇಳಿ ಬಂದೆ."

ಆಗ ಅಣ್ಣ ತಲೆ ಎತ್ತಿದ. ಅದು ಅವನಿಗೆ ಗೊತ್ತಿರಲಿಲ್ಲ. ಬೆಸುಗೆ ಕಡ್ಡಿಯನ್ನು ಅದರ ಗೂಡಿಗೆ ಸಿಕ್ಕಿಸಲು ಎರಡು ಸಲ ಪ್ರಯತ್ನಿಸಿದ, ಮೂರನೇ ಸಲಕ್ಕೆ ಸಿಕ್ಕಿತು.

"ಮೊದಲ ಸಲ ನಿಜವಾಗಲೂ ಗಿರಾಕಿಗೆ ಅಂತಲೇ ತೆಗೆದೆ ಕಣೇ. ಆಮೇಲೆ..." ಅವನು ನಿಲ್ಲಿಸಿದ. ಮತ್ತೆ ಮಾತಾಡಿದಾಗ ಐವತ್ತರ ಹತ್ತಿರದ ಆ ಗಂಡಸಿನ ದನಿಯಲ್ಲಿ ಎಲ್ಲಿಂದಲೋ ಒಂದು ಹುಡುಗುತನದ ಮುನಿಸು ಬಂದು ಕೂತಿತ್ತು. "ಕೈ ಮುರಿದ ಮೇಲೂ ನೀನೇ. ನಾನು ಕಟ್ಟಿದ ಮಶೀನು, ನಾನು ಮಾಡಿದ ಅಂಗಡಿ. ನೀನು ಬಲಗೈಲಿ ಎರಡನೇ ಘಟ್ಟ ದಾಟಿದ ದಿನ ಅಂಗಡಿಗೆ ಬಂದವರೆಲ್ಲ ನಿನ್ನ ಹಿಂದೆ ನಿಂತ್ಕೊಂಡ್ರು. ಉಲ್ಟಾ ಕೈಲಿ ಆಡ್ತಾಳೆ ನೋಡ್ರೋ ಅಂತ. ಚಿಕ್ಕೋರಿದ್ದಾಗ ಒಂದು ದಿನ ನಾನು ನಿನ್ನ ಸ್ಕೋರ್ ದಾಟಿದ್ದೆ, ಗೊತ್ತಾ ನಿನಗೆ? ಅಪ್ಪನ್ನ ಕರ್ಕೊಂಡು ಬರೋಷ್ಟರಲ್ಲಿ ಯಾರೋ ಮೇನ್ ಆರಿಸಿದ್ರು. ಅಳಿಸಿಹೋಯ್ತು. ಅಪ್ಪ ನಂಬಲಿಲ್ಲ. ತಂಗಿ ಮೇಲೆ ಹೊಟ್ಟೆಕಿಚ್ಚು ನಿನಗೆ, ಸುಳ್ಳು ಹೇಳ್ತೀಯ ಅಂದ."

ಎಡಚಿಗೆ ಅದು ಗೊತ್ತಿರಲಿಲ್ಲ. ಒಂದು ಗಳಿಗೆ ಅಣ್ಣನ ಮೇಲೆ ಅಯ್ಯೋ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ಅಪ್ಪ ನಿನ್ನನ್ನ ನಂಬಲಿಲ್ಲ. ಅದಕ್ಕೆ ನೀನು ನನ್ನನ್ನೇ ನಾನು ನಂಬದ ಹಾಗೆ ಮಾಡಿದೆ."

"ಇಷ್ಟು ದೂರ ಹೋಗುತ್ತೆ ಅಂತ ನನಗೇನು ಗೊತ್ತು? ಎರಡು ಗುಂಡಿ ವಿಷಯ ಅಂದ್ಕೊಂಡೆ."

ಅವಳು ಮೇಲೆ ಹೋಗಿ ಚೀಲ ತೆಗೆದುಕೊಂಡು ಬಸ್ಸಿಗೆ ನಡೆದಳು.

ಮರುದಿನ ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಸರ್, ನನಗೆ ಮರೆವಿಲ್ಲ. ಅದು ತಪ್ಪು ತಿಳುವಳಿಕೆ ಆಗಿತ್ತು," ಅಂದಳು. ಹೇಳುವಾಗಲೇ ಆ ಮಾತು ಎಷ್ಟು ವಿಚಿತ್ರವಾಗಿ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾಯಿತು. ಮರೆವಿರುವವರೂ ಹೀಗೇ ತಾನೇ ಹೇಳುವುದು?

"ಒಳ್ಳೇದಾಯ್ತು ಬಿಡಿ," ಅಂದರು ಮ್ಯಾನೇಜರ್ ಮೆತ್ತಗೆ. "ಆದ್ರೆ ಆ ಜಾಗ ಹೋಯ್ತಲ್ಲ. ಯಾಕೆ ಬೇಡ ಅಂದ್ರಿ ಅಂತ ಮೇಲಿನವರು ಕೇಳಿದ್ರು, ನಾನೂ ಇದ್ದದ್ದನ್ನೇ ಬರೆದೆ. ಮುಂದೆ ನೋಡೋಣ."

ಮುಂದೆ ನೋಡಿದ್ದು ಬೇರೆ. ಹೊಸ ಇನ್‌ಚಾರ್ಜ್ ಹುಡುಗಿ ದಿನಾ ಸಂಜೆ ಅವಳ ಮೇಜಿನ ಹತ್ತಿರ ಬಂದು, "ನೀವು ಕೂತಿರಿ ಅಕ್ಕಾ, ನಾನು ಒಂದ್ಸಲ ಸುಮ್ನೆ ನೋಡ್ತೀನಿ," ಎಂದು ಟ್ರಾಲಿಯ ಪೊಟ್ಟಣಗಳನ್ನೆಲ್ಲ ತಿರುಗಿಸಿ ನೋಡತೊಡಗಿದಳು. ಅದರಲ್ಲಿ ಕೊಂಕಿರಲಿಲ್ಲ. ಮೇಲಿನವರು ಹಾಗೆ ಮಾಡಲು ಹೇಳಿದ್ದರು. ಬೆಲ್ಟಿನ ಹತ್ತಿರದ ಹಳಬರು ಆ ಹೊತ್ತಿಗೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ಮಂಡೆಯೊಳಗಿನ ಕಂಪ್ಯೂಟರಿನ ತಮಾಷೆಯನ್ನು ಮತ್ತೆ ಯಾರೂ ಮಾಡಲಿಲ್ಲ.

ಗಂಡನಿಗೆ ಎಲ್ಲ ಹೇಳಿದಾಗ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. "ನಿಮ್ಮಣ್ಣನ ಹಲ್ಲು ಉದುರಿಸಿ ಬರ್ತೀನಿ."

"ಅಮ್ಮ ಅಲ್ಲಿದ್ದಾಳೆ ರೀ. ಜಗಳ ಆದ್ರೆ ಅಮ್ಮನ್ನ ನೋಡೋಕೆ ಯಾವ ಮುಖ ಇಟ್ಕೊಂಡು ಹೋಗಲಿ?" ಅಂದಳು. ಅವರದ್ದು ಒಂದು ಕೋಣೆ, ಒಂದು ಅಡುಗೆಮನೆ. ಹಗಲಿಡೀ ಬಾಗಿಲಿಗೆ ಬೀಗ. ಅಮ್ಮನನ್ನು ಇಲ್ಲಿಗೆ ತರುವ ಮಾತು ಇಬ್ಬರ ನಾಲಿಗೆಯ ತುದಿಗೂ ಬಂದು ಹಿಂದಕ್ಕೆ ಹೋಯಿತು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ಹೋಗಲಿ, ಕಾಯಿಲೆ ಇಲ್ಲ ಅಂತಾಯ್ತಲ್ಲ, ಅದೇ ದೊಡ್ಡದು. ಇನ್ನಾದ್ರೂ ಗ್ಯಾಸ್ ನೋಡೋದು ಬಿಡು."

ಬಿಡಲು ಆಗಲಿಲ್ಲ. ಅದೇ ಅವಳಿಗೆ ಅರ್ಥವಾಗದ ವಿಷಯ. ಕಾಯಿಲೆ ಸುಳ್ಳು ಎಂದು ತಿಳಿದ ಮೇಲೂ ಕೈ ಬೀಗವನ್ನು ಎಳೆದು ನೋಡುತ್ತಿತ್ತು, ಕಾಲು ಅಡುಗೆಮನೆಗೆ ಹೋಗಿ ಬರುತ್ತಿತ್ತು. ಹೊಳೆದದ್ದನ್ನು ಹೊಳೆದೊಡನೆ ನಂಬುತ್ತಿದ್ದ ಆ ಹಳೆಯ ಧೈರ್ಯ, ಸ್ಟೂಲಿನ ಮೇಲೆ ನಿಂತಿದ್ದ ಹುಡುಗಿಯ ಧೈರ್ಯ, ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ.

ಎರಡು ಭಾನುವಾರ ಅವಳು ಅಂಗಡಿಯ ಮುಂದಿನಿಂದ ತಲೆ ತಗ್ಗಿಸಿಕೊಂಡು ಮೇಲೆ ಹೋಗಿ ಬಂದಳು. ಮೂರನೆಯ ವಾರ ಅಣ್ಣ ಅವಳಿಗೆ ಒಂದು ಫೋಟೋ ಕಳಿಸಿದ. ಮೂಲೆಯ ಯಂತ್ರದ ಪಕ್ಕದಲ್ಲಿ ಒಂದು ಹೊಸ ಯಂತ್ರ. ಅದರ ಹಲಗೆಯಲ್ಲಿ ಸ್ಟಿಕ್ಕನ್ನೇ ಬಲಗಡೆಗೆ ಕೂರಿಸಿ, ಗುಂಡಿಗಳನ್ನು ಎಡಗಡೆಗೆ ಹಾಕಿದ್ದ. ಇನ್ನು ಸೆಟ್ಟಿಂಗ್ ಬದಲಿಸುವ ಅಗತ್ಯವೇ ಇರಲಿಲ್ಲ, ಮರದಲ್ಲೇ ಕೊರೆದಾಗಿತ್ತು. ಕೆಳಗೆ ಬರೆದಿದ್ದ: ಯಾರೂ ಮುಟ್ಟಲ್ಲ, ನಿನ್ನದೇ.

ಕೆಲಸ ಚೆನ್ನಾಗಿತ್ತು. ಗುಂಡಿಗಳ ನಡುವಿನ ಅಂತರ ಅವಳ ಬೆರಳಿಗೆ ಅಳತೆ ತೆಗೆದು ಇಟ್ಟಂತಿತ್ತು. ಅಣ್ಣ ಅವಳ ಕೈಯನ್ನು ಎಷ್ಟು ಸೂಕ್ಷ್ಮವಾಗಿ ನೋಡಿಟ್ಟುಕೊಂಡಿದ್ದ ಎಂದು ಆ ಫೋಟೋ ನೋಡಿದಾಗ ಅವಳಿಗೆ ತಿಳಿಯಿತು. ಇಷ್ಟು ನೋಡುವ ಕಣ್ಣಿಗೆ ತಾನು ವಾರ ವಾರ ಒಣಗಿಹೋಗುತ್ತಿದ್ದದ್ದು ಕಾಣದೇ ಇದ್ದೀತೇ?

ಆ ಭಾನುವಾರ ಅಮ್ಮನಿಗೆ ಊಟ ಮಾಡಿಸಿ ಕೆಳಗೆ ಇಳಿದಾಗ ಅಣ್ಣ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದ. ಒಳಗೆ ನಾಲ್ಕಾರು ಜನ ಆಡುತ್ತಿದ್ದರು. ಹೊಸ ಯಂತ್ರದ ಮುಂದೆ ಮಾತ್ರ ಯಾರೂ ಇರಲಿಲ್ಲ. ಪರದೆಯಲ್ಲಿ ಹಳದಿ ವಿಮಾನ ಒಂದೇ ಕಡೆ ನಿಂತು ಮಿನುಗುತ್ತಿತ್ತು.

"ಎಡಚಿ," ಅಂದ, "ಒಂದಾಟ ಆಡಿ ಹೋಗೇ."

"ಕೈ ನೋಯ್ತಾ ಇದೆ," ಅಂದಳು.

ನೋಯುತ್ತಿರಲಿಲ್ಲ. ಅವನಿಗೂ ಅದು ಗೊತ್ತಾಗಿರಬೇಕು, ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆದರೂ ಅವಳು ಚೀಲವನ್ನು ಕಂಕುಳಿಗೆ ಒತ್ತಿಕೊಂಡು, ತಪ್ಪಿಹೋಗುವ ಬಸ್ಸು ಹಿಡಿಯುವವಳಂತೆ ಬಿರಬಿರನೆ ನಡೆದಳು.